ಒಂದು ಬ್ಯಾಡ್ಜು, ಎರಡು ಮುಖ

ಇಂಗ್ಲೆಂಡಿನ ನಮ್ಮ ಬ್ರಾಡ್‌ಫರ್ಡಿನ ಈ ಬೀದಿಯಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ಒಬ್ಬ ಬಾಡಿಗೆ ಕಾರಿನ ಡ್ರೈವರ್ ಸಿಗುತ್ತಾನೆ. ಅಜ್ಜಂದಿರು ಉಣ್ಣೆ ಗಿರಣಿಯಲ್ಲಿ ದುಡಿದರು. ಗಿರಣಿ ಮುಚ್ಚಿದ ಮೇಲೆ ಮಕ್ಕಳು ಸ್ಟೀರಿಂಗ್ ಹಿಡಿದರು. ತಪ್ಪೇನಿಲ್ಲ, ಮರ್ಯಾದೆಯ ದುಡಿಮೆ. ಆದರೆ ಈ ಬೀದಿಗೆ ಒಂದು ಕೆಟ್ಟ ಚಾಳಿಯೂ ಇದೆ. ಇಲ್ಲಿ ಅಣ್ಣನ ಕೋಟು ತಮ್ಮ ಹಾಕುತ್ತಾನೆ. ಅತ್ತೆಯ ಶಾಲು ಸೊಸೆ ಹೊದೆಯುತ್ತಾಳೆ. ಒಬ್ಬರ ಮನೆಯ ದೊಡ್ಡ ಹಂಡೆ ಎಲ್ಲರ ಮದುವೆಗೂ ಹೋಗಿ ಬರುತ್ತದೆ. ಅದೇ ರೀತಿ ಡ್ರೈವರನ ಬ್ಯಾಡ್ಜೂ ಕೊರಳಿಂದ ಕೊರಳಿಗೆ ತಿರುಗುತ್ತದೆ. ನಗರಸಭೆ, ಅಂದರೆ ಕೌನ್ಸಿಲ್ಲು, ಒಬ್ಬನ ಫೋಟೋ ಅಂಟಿಸಿ, ಒಬ್ಬನ ಹೆಸರು ಬರೆದು ಕೊಟ್ಟದ್ದನ್ನು ಇನ್ನೊಬ್ಬ ಹಾಕಿಕೊಂಡು ಬಾಡಿಗೆಗೆ ಹೊರಡುತ್ತಾನೆ. ಯಾಕಪ್ಪಾ ಎಂದರೆ ‘ಬಿರಾದರಿ’ ಅನ್ನುತ್ತಾರೆ. ನಾವೆಲ್ಲ ಒಂದೇ ಕುಲ, ಒಂದೇ ರಕ್ತ, ನಿನ್ನದು ನನ್ನದು ಎಂಬ ಭೇದ ಎಲ್ಲಿಂದ ಬಂತು ಎನ್ನುವ ಮಾತು.

ಕನೀಜ್ ಮನೆಯಲ್ಲೂ ಇದೇ ನಡೆದಿತ್ತು. ಗಂಡ ಬಶಾರತ್ ಹಳೆಯ ಡ್ರೈವರ್, ಲೈಸೆನ್ಸು ಬ್ಯಾಡ್ಜು ಎಲ್ಲ ಸರಿಯಾಗಿ ಇಟ್ಟುಕೊಂಡವನು. ಆದರೆ ಮಂಡಿ ನೋವು. ವಾರದ ಕೊನೆಗೆ ಕ್ಲಚ್ ಒತ್ತಲೂ ಆಗುತ್ತಿರಲಿಲ್ಲ. ತಮ್ಮ ನಜಾಕತ್ ಹುಟ್ಟೂರು ಮೀರ್‌ಪುರದಿಂದ ಬಂದು ಅವರ ಜೊತೆಯಲ್ಲೇ ಇದ್ದ. ಊರಲ್ಲಿ ಗುಡ್ಡದ ರಸ್ತೆಯ ಮೇಲೆ ವ್ಯಾನ್ ಓಡಿಸಿದವನು, ಇಲ್ಲಿಯೂ ಸ್ವಂತಕ್ಕೆ ಕಾರು ಓಡಿಸುವ ಲೈಸೆನ್ಸು ತೆಗೆದಿದ್ದ. ಬಾಡಿಗೆಗೆ ಓಡಿಸುವ ಲೈಸೆನ್ಸು ಮಾತ್ರ ಇರಲಿಲ್ಲ. ಅದಕ್ಕೆ ಮೀರ್‌ಪುರದ ಪೊಲೀಸರಿಂದ ಕಾಗದ ತರಿಸಬೇಕು, ಪರೀಕ್ಷೆ ಬರೆಯಬೇಕು. ‘ನಾಳೆ ಮಾಡೋಣ’ ಎಂದು ಅವನು ದಿನ ದೂಡುತ್ತಿದ್ದ. ಅಷ್ಟರಲ್ಲಿ ಶುಕ್ರವಾರ, ಶನಿವಾರದ ಸಂಜೆ ಅಣ್ಣನ ಕಾರು, ಅಣ್ಣನ ಫೋನು, ಅಣ್ಣನ ಬ್ಯಾಡ್ಜು ಎಲ್ಲವೂ ಅವನದೇ ಆಗಿದ್ದವು. ಬಶಾರತ್ ಮನೆಗೆ ಬಂದವನೇ ಬ್ಯಾಡ್ಜನ್ನು ಬಾಗಿಲ ಪಕ್ಕದ ಕೊಕ್ಕೆಗೆ ಹಾಕುತ್ತಿದ್ದ. ನಜಾಕತ್ ಅದೇ ಕೊಕ್ಕೆಯಿಂದ ತೆಗೆದುಕೊಂಡು ಹೊರಡುತ್ತಿದ್ದ.

ಕನೀಜ್ ಒಮ್ಮೆ ಕೇಳಿದ್ದಳು, “ಅಮ್ಮಾ, ಇದು ಸರೀನಾ? ಯಾರಾದ್ರೂ ಹಿಡಿದ್ರೆ?”

ಅತ್ತೆ ಫಜಲ್ ಬೇಗಂ ಜಪಮಾಲೆಯಿಂದ ಕಣ್ಣೆತ್ತಲಿಲ್ಲ. “ಇಬ್ರೂ ನನ್ನ ಹೊಟ್ಟೇಲೇ ಹುಟ್ಟಿದೋರು. ಅದೇ ಮೂಗು, ಅದೇ ಗಡ್ಡ. ಈ ಬಿಳಿ ಗೋರಾಗಳ ಕಣ್ಣಿಗೆ ನಾವೆಲ್ಲ ಒಂದೇ ಥರ ಕಾಣ್ತೀವಿ. ಯಾರೇ ನೋಡ್ತಾರೆ?”

ಮನೆಯವರೆಲ್ಲ ನಕ್ಕರು. ಕನೀಜ್ ಕೂಡ ನಕ್ಕಳು.

ನವೆಂಬರಿನ ಒಂದು ಶುಕ್ರವಾರ. ಸಂಜೆ ಐದಕ್ಕೇ ಕತ್ತಲಾಗಿತ್ತು, ಮೇಲೆ ಮಳೆ. ಕನೀಜ್ ಸಾಸಿವೆ ಸೊಪ್ಪು ಮಸೆಯುತ್ತಾ ಗಡಿಯಾರ ನೋಡುತ್ತಿದ್ದಳು. ಮಗಳು ಮೆಹ್ವಿಶ್ ಪಕ್ಕದೂರು ಲೀಡ್ಸಿನ ಕಾಲೇಜಿಂದ ರೈಲಲ್ಲಿ ಬರುವ ಹೊತ್ತು ಮೀರಿತ್ತು. ಆಗ ಬಶಾರತ್ ಫೋನ್ ಮಾಡಿದ. “ಮೆಹ್ವಿಶ್ ಒಂದು ಪೆಟ್ರೋಲ್ ಬಂಕಲ್ಲಿ ನಿಂತಿದಾಳೆ, ನಾನು ಕರ್ಕೊಂಡು ಬರ್ತಿದೀನಿ,” ಎಂದಷ್ಟೇ ಹೇಳಿ ಇಟ್ಟ. ರೈಲ್ವೆ ಸ್ಟೇಷನ್ನಲ್ಲಿ ಇರಬೇಕಾದ ಹುಡುಗಿ ಪೆಟ್ರೋಲ್ ಬಂಕಿನಲ್ಲಿ ಏಕೆ? ಕನೀಜ್ ಒಲೆ ಆರಿಸಿ ಬಾಗಿಲಲ್ಲೇ ನಿಂತಳು.

ಮಗಳು ಬಂದಾಗ ತಲೆಯಿಂದ ನೀರು ಸುರಿಯುತ್ತಿತ್ತು. ಕೊಟ್ಟ ಚಹಾ ಮುಟ್ಟಲಿಲ್ಲ. ಬಶಾರತ್ ಎಂದಿನಂತೆ ಬ್ಯಾಡ್ಜನ್ನು ಕೊಕ್ಕೆಗೆ ಹಾಕಿ, ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದ.

“ಏನಾಯ್ತು ಅಂತ ಬಾಯಿ ಬಿಡು ಮಗಳೇ. ನನ್ನ ಜೀವ ಹೋಗ್ತಿದೆ,” ಎಂದಳು ಕನೀಜ್.

“ಅಬ್ಬು ಬಾಡಿಗೆ ಮೇಲಿದ್ರು. ಅದಕ್ಕೆ ಸ್ಟೇಷನ್ನಿಂದ ನಾನೇ ಬೇರೆ ಕಂಪನಿ ಕಾರ್ ಬುಕ್ ಮಾಡ್ದೆ ಅಮ್ಮಿ. ಫೋನಲ್ಲಿ ಡ್ರೈವರ್ ಫೋಟೋ ಬಂತು. ಶಫಾಕತ್ ಅಂತ ಹೆಸರು, ಬಿಳಿ ಗಡ್ಡ. ಬಂದ ಕಾರಿನ ನಂಬರೂ ಅದೇ. ಒಳಗಿದ್ದೋನು ಮಾತ್ರ ಬೇರೆ.”

“ಬೇರೆ ಅಂದ್ರೆ?”

“ಬೇರೆ ಅಂದ್ರೆ ಬೇರೇನೇ! ಚಿಕ್ಕ ವಯಸ್ಸು. ‘ಶಫಾಕತಾ?’ ಅಂತ ಕೇಳ್ದೆ. ‘ಹೂಂ, ಹತ್ತು ಹತ್ತು’ ಅಂದ. ಮಳೆ ಹೊಡೀತಿತ್ತು, ಹತ್ತಿಬಿಟ್ಟೆ. ಕೊರಳಲ್ಲಿ ಬ್ಯಾಡ್ಜ್ ಇತ್ತು. ಆದ್ರೆ ತಿರುಗಿಸಿ ಹಾಕ್ಕೊಂಡಿದ್ದ, ಫೋಟೋ ಅಂಗಿ ಕಡೆಗೆ.” ಮೆಹ್ವಿಶ್ ಉಸಿರು ತೆಗೆದುಕೊಂಡಳು. “ನಮ್ಮ ರಸ್ತೆ ಬಿಟ್ಟು ಗೋದಾಮುಗಳ ಕಡೆ ತಿರುಗಿಸ್ದ. ಯಾಕೆ ಅಂದ್ರೆ ಉತ್ತರ ಇಲ್ಲ, ಫೋನಲ್ಲಿ ಯಾರ ಜೊತೆಗೋ ಮಾತಾಡ್ತಾನೇ ಇದ್ದ. ‘ನಿಲ್ಲಿಸಿ’ ಅಂದೆ. ನಗ್ತಾನೆ. ‘ಯಾಕೆ ಬೇಟಾ, ಹೆದರ್ಕೋತೀಯಾ?’ ಅಂತಾನೆ. ಸಿಗ್ನಲ್ಲಲ್ಲಿ ಬಾಗಿಲು ತೆಗೆಯೋಕೆ ನೋಡ್ದೆ. ಒಳಗಿಂದ ತೆಗೆಯೋಕೆ ಬರ್ಲಿಲ್ಲ ಅಮ್ಮಿ. ಕಿರುಚಿಕೊಂಡೆ. ಆಮೇಲೆ ಬಂಕ್ ಹತ್ರ ನಿಲ್ಲಿಸ್ದ. ಹೊರಗಿಂದ ಬಂದು ಬಾಗಿಲು ತೆಗೆದು, ‘ದಾರಿ ತಪ್ತು, ಅಷ್ಟೆ. ಇಷ್ಟಕ್ಕೆಲ್ಲ ರಂಪ ಮಾಡ್ತಾರಾ’ ಅಂತ ನನ್ನನ್ನೇ ಬೈದು ಹೋದ.”

ಕನೀಜ್ ಕಣ್ಣು ಕೆಂಪಾಯಿತು. ಅವಳ ಸಿಟ್ಟು ಬೀದಿಗೆಲ್ಲ ಗೊತ್ತು, ಆದರೆ ಅಂದಿನದು ಬೇರೆ. “ಹಾಳಾಗಿ ಹೋಗ್ಲಿ ಅವನ ಕಾರು! ಯಾರದೋ ಹೆಸರಲ್ಲಿ ಯಾವನೋ ಬರೋದು, ಹೆತ್ತವರ ಹೆಣ್ಣುಮಕ್ಕಳನ್ನ ಕೂಡ್ಸಿಕೊಂಡು ಊರು ತಿರುಗೋದು! ಇವರಿಗೆಲ್ಲ ತಂಗಿ ಇಲ್ವಾ, ತಾಯಿ ಇಲ್ವಾ? ಬ್ಯಾಡ್ಜ್ ಕೊಟ್ಟು ಕಳಿಸಿದನಲ್ಲ ಆ ಬಿಳಿ ಗಡ್ಡದೋನು, ಅವನಿಗೆ ಮೊದಲು ಚಪ್ಪಲೀಲಿ ಹೊಡೀಬೇಕು!”

ಈ ಗಲಾಟೆಗೆ ನಜಾಕತ್ ಮಹಡಿಯಿಂದ ದಡದಡ ಇಳಿದು ಬಂದ. ಶುಕ್ರವಾರದ ಬಾಡಿಗೆಗೆ ಹೊರಡುವ ಹೊತ್ತು ಅವನಿಗೆ. ತಲೆ ಬಾಚಿ, ಅತ್ತರು ಹಾಕಿ ತಯಾರಾಗಿದ್ದ. ಬರುತ್ತಾ ಕೈ ತಾನಾಗಿ ಕೊಕ್ಕೆಗೆ ಹೋಯಿತು, ಬ್ಯಾಡ್ಜು ಕೊರಳಿಗೆ ಬಂತು. ವಿಷಯ ಕೇಳಿದವನೇ ತೋಳೇರಿಸಿದ.

“ಯಾರು ಭಾಬಿ ಅವನು? ಹೆಸರು ಹೇಳಿ ಸಾಕು. ಕೈಕಾಲು ಮುರೀತೀನಿ. ನಮ್ಮನೆ ಹುಡುಗಿ ಮೈಮೇಲೆ ಕಣ್ಣು ಹಾಕ್ತಾನಾ? ಸುಳ್ಳು ಮುಖ ಹೊತ್ಕೊಂಡು ಬರ್ತಾನಾ?”

ಮೆಹ್ವಿಶ್ ಚಿಕ್ಕಪ್ಪನ ಎದೆಯನ್ನೇ ನೋಡುತ್ತಿದ್ದಳು. ಅಲ್ಲಿ ಅವಳ ಅಬ್ಬುವಿನ ಫೋಟೋ ತೂಗುತ್ತಿತ್ತು.

“ಚಾಚಾ,” ಎಂದಳು ಮೆಲ್ಲಗೆ. “ನೀವೂ ತಿರುಗಿಸಿ ಹಾಕ್ಕೋತೀರಾ? ಫೋಟೋ ಅಂಗಿ ಕಡೆಗೆ?”

ಕನೀಜ್ ಆ ಬ್ಯಾಡ್ಜು ನೋಡಿದಳು, ಗಂಡನ ಮುಖ ನೋಡಿದಳು. ಇಷ್ಟು ಹೊತ್ತು ಯಾರನ್ನು ಬೈಯುತ್ತಿದ್ದೆನೋ ಅವರು ತನ್ನ ಅಡುಗೆಮನೆಯಲ್ಲೇ ಕೂತಿದ್ದಾರೆ, ತಾನೇ ಅವರಿಗೆ ರೊಟ್ಟಿ ಬಡಿಸುತ್ತಿದ್ದೇನೆ ಎಂದು ಹೊಳೆದಾಗ ಸಿಟ್ಟು ಇಮ್ಮಡಿಯಾಯಿತು. ಎರಡು ಹೆಜ್ಜೆಯಲ್ಲಿ ಹೋಗಿ ಬ್ಯಾಡ್ಜಿನ ದಾರ ಹಿಡಿದು ಮೈದುನನ ತಲೆಯ ಮೇಲಿಂದ ಎಳೆದು ತೆಗೆದಳು. ಬಾಚಿದ ಕೂದಲು ಕೆದರಿತು.

“ಭಾಬಿ! ನಾನೂ ಅವನೂ ಒಂದೇನಾ? ನಾನೆಂಥವನು ಅಂತ ನಿಮಗೆ ಗೊತ್ತಿಲ್ವಾ?”

“ನನಗೆ ಗೊತ್ತು. ಕಾರು ಹತ್ತೋರಿಗೆ ಗೊತ್ತಾ?”

“ಅಯ್ಯೋ, ಏನು ರಾದ್ಧಾಂತ ಇದು!” ಫಜಲ್ ಬೇಗಂ ಕೋಲು ಊರಿಕೊಂಡು ಬಂದರು. “ಒಂದು ಪ್ಲಾಸ್ಟಿಕ್ ತುಂಡಿಗೆ ಮೈದುನನ ಕೊರಳಿಗೆ ಕೈ ಹಾಕ್ತೀಯಾ? ಯಾವ ಶಫಾಕತ್ ಅದು? ನಮ್ಮ ಬಿರಾದರಿಯ ಜುಬೇದಾ ಗಂಡ ಅಲ್ವಾ? ಹಾಗಾದ್ರೆ ಓಡಿಸ್ತಿದ್ದೋನು ಅವಳ ಅಳಿಯ ಇರ್ಬೇಕು. ಒಳ್ಳೆ ಮನೆತನ ಕಣೇ. ಹುಡುಗ ದಾರಿ ತಪ್ಪಿರ್ತಾನೆ. ಇಲ್ಲಿಗೇ ಬಿಡು.”

ಇಷ್ಟರಲ್ಲಿ ಹಿಂಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಶಮೀಮ್ ಆಪಾ, ನೆಪಕ್ಕೆ ನಿನ್ನೆ ಒಯ್ದ ತಟ್ಟೆ ಕೈಯಲ್ಲಿ. ನಮ್ಮ ಬೀದಿಯ ಮನೆಗಳ ನಡುವಿನ ಗೋಡೆ ಹೆಸರಿಗೆ ಮಾತ್ರ. ಈ ಕಡೆ ಸೀನಿದರೆ ಆ ಕಡೆಯಿಂದ ದುವಾ ಬರುತ್ತದೆ. ಶಮೀಮ್ ಆಪಾ ಕೂಡ ಬಾಡಿಗೆ ಕಾರಿನ ಡ್ರೈವರೇ. ಗಾಲಿಕುರ್ಚಿಯ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ. ಬ್ಯಾಡ್ಜು ಕೊರಳಲ್ಲಿರುವುದನ್ನೂ ಮರೆತು ಬ್ರೆಡ್ ತರಲು ಹೋಗುವವರು, ಗಂಡಸರು ಚುಡಾಯಿಸಿದರೆ ತಿರುಗಿ ಚುಡಾಯಿಸುವವರು.

“ನನಗೆ ಎಲ್ಲಾ ಕೇಳಿಸ್ತು, ಮೊದಲಿಂದ ಹೇಳ್ಬೇಡಿ,” ಎಂದು ಮೆಹ್ವಿಶ್ ಪಕ್ಕ ಕೂತು ಅವಳ ತಲೆ ಒರೆಸತೊಡಗಿದರು. “ಬಶಾರತ್ ಭಾಯಿ, ನೀವು ಲೈಸೆನ್ಸ್ ತಗೊಂಡಾಗ ಏನೇನು ನೋಡಿದ್ರು?”

ಬಶಾರತ್ ತಲೆ ತಗ್ಗಿಸಿಕೊಂಡೇ ಹೇಳಿದ. “ಪೊಲೀಸ್ ದಾಖಲೆ ನೋಡಿದ್ರು. ಡಾಕ್ಟರ್ ಹತ್ರ ಕಳಿಸಿದ್ರು. ರಸ್ತೆ ಪರೀಕ್ಷೆ. ಮಕ್ಕಳು, ಒಂಟಿ ಹೆಂಗಸರ ಜೊತೆ ಹೇಗಿರ್ಬೇಕು ಅಂತ ಒಂದು ದಿನದ ಪಾಠ.”

“ಯಾರನ್ನ ನೋಡಿದ್ರು? ನಿಮ್ಮನ್ನಾ, ನಿಮ್ಮ ಅಮ್ಮನ ಹೊಟ್ಟೇನಾ?”

ಮೆಹ್ವಿಶ್ ಆ ಸಂಜೆ ಮೊದಲ ಸಲ ಸಣ್ಣಗೆ ನಕ್ಕಳು. ಫಜಲ್ ಬೇಗಂ ನಗಲಿಲ್ಲ.

“ಲೈಸೆನ್ಸ್ ಕಾರಿಗಲ್ಲ, ಮನೆತನಕ್ಕಲ್ಲ, ಒಬ್ಬ ಮನುಷ್ಯನಿಗೆ,” ಎಂದರು ಶಮೀಮ್. “ಕಾರಿಗೆ ಕೌನ್ಸಿಲ್ ಕೊಟ್ಟ ಬೇರೆ ಪ್ಲೇಟ್ ಇದೆ. ಆ ಪ್ಲೇಟ್ ಹಾಕಿದ ಕಾರನ್ನ ಬ್ಯಾಡ್ಜ್ ಇದ್ದೋರೇ ಓಡಿಸ್ಬೇಕು. ಬಾಡಿಗೆ ಇಲ್ದಿದ್ರೂ ಅಷ್ಟೆ, ಹಾಲು ತರೋಕೆ ಹೋದ್ರೂ ಅಷ್ಟೆ.”

ಕನೀಜ್ ತಿರುಗಿ ನೋಡಿದಳು. “ಹಾಲಿಗೂನಾ? ನಾನು ಹೋದ ವಾರ ಅದೇ ಕಾರಲ್ಲಿ ಅಕ್ಕಿ ಮೂಟೆ ತಂದೆ!”

“ಇನ್ಮೇಲೆ ತಲೆ ಮೇಲೆ ಹೊತ್ಕೊಂಡು ಬಾ. ಕೇಳು ನಜಾಕತ್, ನಾಳೆ ನೀನು ಯಾರಿಗೋ ಗುದ್ದಿದೆ ಅಂತ ಇಟ್ಕೋ. ಇನ್ಶೂರೆನ್ಸ್ ನಿಮ್ಮಣ್ಣನ ಹೆಸರಲ್ಲಿದೆ. ‘ಓಡಿಸ್ತಿದ್ದೋನು ಯಾರೋ ನಮಗೆ ಗೊತ್ತಿಲ್ಲ’ ಅಂತ ಕಂಪನಿ ಕೈ ತೊಳ್ಕೊಳ್ಳುತ್ತೆ. ಕೋರ್ಟಿಗೆ ನೀನೂ ಹೋಗ್ತೀಯ, ಗೊತ್ತಿದ್ದೂ ಕಾರು ಕೊಟ್ಟಿದ್ದಕ್ಕೆ ಅಣ್ಣನೂ ಬರ್ತಾನೆ. ಅವನ ಬ್ಯಾಡ್ಜ್ ಕಿತ್ಕೋತಾರೆ. ನೀನು ಮುಂದೆ ಅರ್ಜಿ ಹಾಕಿದ್ರೆ ‘ಇವನು ನಂಬೋ ಮನುಷ್ಯನಲ್ಲ’ ಅಂತ ಬರೀತಾರೆ. ಅವರು ಲೈಸೆನ್ಸ್ ಕೊಡೋವಾಗ ಮನಸ್ಸಲ್ಲಿ ಒಂದು ಪ್ರಶ್ನೆ ಕೇಳ್ಕೋತಾರೆ, ಗೊತ್ತಾ? ‘ನನ್ನ ಮಗಳನ್ನ ಒಬ್ಬಳೇ ಇವನ ಕಾರಲ್ಲಿ ಕೂರಿಸ್ತೀನಾ?’ ಅಂತ. ಅಷ್ಟೆ. ಉಳಿದ ಪರೀಕ್ಷೆ, ಕಾಗದ ಎಲ್ಲಾ ಅದಕ್ಕೋಸ್ಕರಾನೇ.”

ಆಗಲೇ ಮೇಜಿನ ಮೇಲಿದ್ದ ಬಶಾರತ್‌ನ ಫೋನ್ ಟಣ್ ಎಂದಿತು. ಬಾಡಿಗೆ ಬಂದಿತ್ತು. ಕನೀಜ್ ಎತ್ತಿಕೊಂಡು ಓದಿದಳು. ಕಾಲೇಜು ಗೇಟಿನಿಂದ ಒಬ್ಬರು. ಹೆಸರು ಕ್ಲೋಯಿ. ಪಕ್ಕದಲ್ಲಿ ಬಶಾರತ್‌ನ ಫೋಟೋ ಇತ್ತು. ಆ ಹುಡುಗಿಯ ಕೈಯಲ್ಲೂ ಈ ಹೊತ್ತಿಗೆ ಅದೇ ಫೋಟೋ ಇರುತ್ತದೆ.

ನಜಾಕತ್ ಅಭ್ಯಾಸಬಲದಿಂದ ಕೈ ಚಾಚಿದ. “ಇದೊಂದು ಹೋಗಿ ಬರ್ತೀನಿ ಭಾಬಿ. ಬಿಟ್ರೆ ಕಂಪನಿಯೋರು ಬೈತಾರೆ. ನಾಳೆಯಿಂದ ನಿಲ್ಲಿಸ್ತೀನಿ, ಆಣೆ.”

“ಮುಟ್ಟಬೇಡ!” ಕನೀಜ್ ಕೂಗಿಗೆ ಒಲೆಯ ಮೇಲಿನ ಮುಚ್ಚಳ ಅಲ್ಲಾಡಿರಬೇಕು. “ಈ ಕ್ಲೋಯಿಗೂ ಒಬ್ಬಳು ತಾಯಿ ಇದಾಳೆ ಕಣೋ. ಅವಳೂ ಗಡಿಯಾರ ನೋಡ್ತಾ ನಿಂತಿದಾಳೆ. ನೀನು ಒಳ್ಳೆಯವನು ಅಂತ ಅವಳಿಗೆ ಯಾರು ಹೇಳಿದ್ರು? ಇವರ ಫೋಟೋ ತೋರಿಸಿ ನಿನ್ನ ಕಳಿಸೋಕೆ ನಮಗ್ಯಾರು ಹೇಳಿದ್ರು? ಮೆಹ್ವಿಶ್ ಅಬ್ಬು, ನೀವಾದ್ರೂ ಬಾಯಿ ಬಿಡಿ! ಶಫಾಕತ್ ನಿಮ್ಮ ಮಗಳಿಗೆ ಮಾಡಿದ್ದನ್ನೇ ನೀವು ಪ್ರತಿ ಶುಕ್ರವಾರ ಯಾರ ಮಗಳಿಗೋ ಮಾಡ್ತಿದೀರ!”

ಬಶಾರತ್ ಫೋನ್ ತೆಗೆದುಕೊಂಡ. ಬಾಡಿಗೆಯನ್ನು ವಾಪಸ್ ಕಳಿಸಿದ, ಬೇರೆ ಡ್ರೈವರಿಗೆ ಹೋಗಲೆಂದು. ಆಮೇಲೆ ಫೋನನ್ನೇ ಆರಿಸಿದ.

“ಜುಬೇದಾ ಮನೆ ವಿಷಯ ಮಾತ್ರ ಹೊರಗೆ ಹೋಗ್ಬಾರ್ದು,” ಎಂದು ಫಜಲ್ ಬೇಗಂ ಹಟ ಹಿಡಿದರು. “ಕೌನ್ಸಿಲ್ಲಿಗೆ ಹೇಳಿದ್ರೆ ಅವನ ಹೊಟ್ಟೆ ಮೇಲೆ ಹೊಡೆದ ಹಾಗೆ. ಬಿರಾದರಿಯಲ್ಲಿ ನಾನು ಮುಖ ಎತ್ತೋದು ಹೇಗೆ?”

ಮೆಹ್ವಿಶ್ ಎದ್ದು ಹೋಗಿ ಅಜ್ಜಿಯ ಎದುರು ನೆಲದ ಮೇಲೆ ಕೂತಳು. “ದಾದಿ, ಗೋರಾಗಳಿಗೆ ನಾವೆಲ್ಲ ಒಂದೇ ಥರ ಕಾಣ್ತೀವಿ ಅಂತಿದ್ರಲ್ಲ. ನಾನು ಬಿಳಿಯವಳಲ್ಲ. ನನಗೆ ಮುಖ ನೋಡಿದ ತಕ್ಷಣ ಗೊತ್ತಾಯ್ತು. ಗೊತ್ತಾದ್ರೂ ಬಾಗಿಲು ತೆಗೆಯೋಕೆ ಬರ್ಲಿಲ್ಲ. ಅವನು ಒಳ್ಳೆಯವನೋ ಕೆಟ್ಟವನೋ ನನಗೆ ಈಗ್ಲೂ ಗೊತ್ತಿಲ್ಲ ದಾದಿ. ಬಾಗಿಲು ಎಳೀತಾ ಇದ್ದಾಗ ನಿಮ್ಮನ್ನ ಕೂಗ್ಕೊಂಡೆ.”

ಮುದುಕಿಯ ಕೈಯಲ್ಲಿದ್ದ ಜಪಮಾಲೆ ನಿಂತಿತು. ಮೊಮ್ಮಗಳ ತಣ್ಣನೆಯ ಕೈ ಹಿಡಿದುಕೊಂಡರು. ಆಮೇಲೆ ಬಂದ ದನಿ ಕನೀಜ್‌ಳ ದನಿಗಿಂತ ಜೋರಾಗಿತ್ತು.

“ಫೋನ್ ಮಾಡು ಆ ಕಂಪನಿಗೆ! ಕೌನ್ಸಿಲ್ಲಿಗೂ ಮಾಡು! ನನ್ನ ಮೊಮ್ಮಗಳನ್ನ ಕೂಡಿಹಾಕಿಕೊಂಡು ನಗ್ತಾನಾ ಅವನು? ಜುಬೇದಾ ಮಾತು ಬಿಡ್ತಾಳಾ, ಬಿಡ್ಲಿ!”

“ಅವರದನ್ನ ಹೇಳಿ ನಮ್ಮದನ್ನ ಮುಚ್ಚಿಟ್ಕೊಳ್ಳೋದಾ ದಾದಿ?” ಎಂದಳು ಮೆಹ್ವಿಶ್.

ಆ ಮಾತಿಗೆ ಬಶಾರತ್ ಕುರ್ಚಿಯಿಂದ ಎದ್ದ. “ಇಲ್ಲ. ನನ್ನದನ್ನ ನಾನೇ ಹೋಗಿ ಹೇಳ್ತೀನಿ,” ಎಂದ.

ಹೇಳಿದ ಹಾಗೆ ಸೋಮವಾರ ಹೋದ. ಅಧಿಕಾರಿಗಳ ಮುಂದೆ ನಿಂತು ತಪ್ಪು ಒಪ್ಪಿಕೊಂಡ. ತಾನಾಗಿ ಬಂದು ಹೇಳಿದ್ದಾನೆಂದು ಲೈಸೆನ್ಸು ಪೂರ್ತಿ ಕಿತ್ತುಕೊಳ್ಳಲಿಲ್ಲ, ಆದರೆ ಸುಮ್ಮನೆಯೂ ಬಿಡಲಿಲ್ಲ. ಚಳಿಗಾಲ ಮುಗಿಯುವ ತನಕ ಬ್ಯಾಡ್ಜು ಕೌನ್ಸಿಲ್ಲಿನ ಬಳಿಯೇ ಇತ್ತು. ಆ ಚಳಿಗಾಲ ಮನೆಯಲ್ಲಿ ಮಾಂಸದಡುಗೆ ಕಡಿಮೆಯಾಯಿತು, ಮಾತು ಬಿರುಸಾಯಿತು. ಮೆಹ್ವಿಶ್ ದೂರು ಕೊಟ್ಟ ಮೇಲೆ ಶಫಾಕತನ ಬ್ಯಾಡ್ಜು ಹೋಯಿತು. ಅವನ ಅಳಿಯನನ್ನು ಪೊಲೀಸರು ಕರೆಸಿ ವಿಚಾರಿಸಿದರು. ಜುಬೇದಾ ಮಸೀದಿಯ ಹೆಂಗಸರ ಪಾಠದಲ್ಲಿ ಫಜಲ್ ಬೇಗಂ ಪಕ್ಕ ಕೂರುವುದನ್ನು ಬಿಟ್ಟರು. ನಜಾಕತ್ ಹಾಸಿಗೆ ಕಾರ್ಖಾನೆಗೆ ಸೇರಿದ. ಕೆಲಸ ಮುಗಿಸಿ ಬಂದು ಶಮೀಮ್ ಆಪಾ ಹತ್ತಿರ ಲೈಸೆನ್ಸ್ ಪರೀಕ್ಷೆಯ ಪಾಠ ಹೇಳಿಸಿಕೊಳ್ಳುತ್ತಾನೆ. ಕೌನ್ಸಿಲ್ಲು ಅವನನ್ನು ಮತ್ತೆ ನಂಬುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವನು ಬೇಸರಪಟ್ಟರೆ, “ನಂಬೋ ಹಾಗೆ ಇರು, ನಂಬ್ತಾರೆ,” ಎನ್ನುತ್ತಾಳೆ ಕನೀಜ್. ಅವಳ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕಾಗಿಯೂ ಇಲ್ಲ. ಬಾಗಿಲ ಪಕ್ಕದ ಆ ಕೊಕ್ಕೆಯನ್ನು ಅವಳೇ ಕಿತ್ತು ಬಿಸಾಡಿದ್ದಾಳೆ.

ಮೊನ್ನೆ ಫಜಲ್ ಬೇಗಂಗೆ ಕಣ್ಣಿನ ಆಸ್ಪತ್ರೆಗೆ ಹೋಗುವುದಿತ್ತು. ಕನೀಜ್ ಕಾರು ಬುಕ್ ಮಾಡಿದಳು. ಬಂದವನು ಫಜಲ್ ಬೇಗಂ ತಂಗಿಯ ಮೊಮ್ಮಗ, ವಾಜಿದ್. ಸಲಾಂ ಹೇಳಿ ಹಿಂದಿನ ಬಾಗಿಲು ತೆಗೆದ. ಮುದುಕಿ ಹತ್ತಲಿಲ್ಲ. ಕೋಲು ಊರಿ ಮಳೆಯಲ್ಲೇ ನಿಂತರು.

“ಯಾರನ್ನ ಕರ್ಕೊಂಡು ಹೋಗೋಕೆ ಬಂದೆ?”

“ನಿಮ್ಮನ್ನೇ ದಾದಿ!”

“ನನ್ನ ಹೆಸರು ಹೇಳು.”

“ಫಜಲ್ ಬೇಗಂ. ಯಾಕೆ ದಾದಿ, ನಾನು ವಾಜಿದ್! ನೀವೇ ಎತ್ತಿ ಆಡಿಸಿದ ಹುಡುಗ. ಮುಖ ಗುರ್ತು ಸಿಗ್ಲಿಲ್ವಾ?”

“ಮುಖ ಗುರ್ತಿದೆ,” ಎಂದರು ಫಜಲ್ ಬೇಗಂ. “ಬ್ಯಾಡ್ಜ್ ತೋರಿಸು.”

ವಾಜಿದ್ ನಗುತ್ತಾ ಕೊರಳಿನ ಬ್ಯಾಡ್ಜನ್ನು ಮುಂದೆ ಹಿಡಿದ. ಮಂಜಾದ ಕಣ್ಣಿಂದ ಮುದುಕಿ ಅದನ್ನೂ ಅವನ ಮುಖವನ್ನೂ ಎರಡೆರಡು ಸಲ ನೋಡಿದರು. ಒಪ್ಪಿಗೆಯಾದ ಮೇಲೆ ಹತ್ತಿ ಕೂತು, ಬಾಗಿಲು ಒಳಗಿಂದ ತೆರೆಯುತ್ತದೋ ಎಂದು ಒಮ್ಮೆ ತೆರೆದು ನೋಡಿ ಹಾಕಿಕೊಂಡರು.

ಅಣ್ಣಂದಿರೇ, ತಮ್ಮಂದಿರೇ, ಸ್ಟೀರಿಂಗ್ ಹಿಡಿದವರೇ, ಕೋಟು ಕೊಡಿ, ಹಂಡೆ ಕೊಡಿ, ರೊಟ್ಟಿಯಲ್ಲಿ ಅರ್ಧ ಕೊಡಿ. ಬ್ಯಾಡ್ಜು ಕೊಡಬೇಡಿ. ಅದರ ಮೇಲಿರುವುದು ನಿಮ್ಮ ಮುಖ. ಅದನ್ನು ನಂಬಿ ಹತ್ತುವುದು ಯಾರದೋ ಮಗಳು. ಹೆಣ್ಣುಮಕ್ಕಳೇ, ಮಳೆ ಬರಲಿ, ಹೊತ್ತಾಗಲಿ, ನಂಬರು ನೋಡಿ, ಮುಖ ನೋಡಿ, ನಿಮ್ಮ ಹೆಸರನ್ನು ಅವನ ಬಾಯಿಂದಲೇ ಹೇಳಿಸಿ. ಒಂದು ತಾಳೆಯಾಗದಿದ್ದರೂ ಹತ್ತಬೇಡಿ. ಹತ್ತದೆ ಸುಮ್ಮನಾಗಲೂ ಬೇಡಿ. ಕಂಪನಿಗೆ ಹೇಳಿ, ಕೌನ್ಸಿಲ್ಲಿಗೆ ಹೇಳಿ, ಹೆದರಿಕೆಯಾದರೆ ಪೊಲೀಸರಿಗೆ ಹೇಳಿ. ಇನ್ನು ತಾಯಂದಿರೇ, ಇವತ್ತೇ ಮನೆಗೆ ಹೋಗಿ ನಿಮ್ಮ ಬಾಗಿಲ ಪಕ್ಕದ ಕೊಕ್ಕೆ ನೋಡಿ. ಅಲ್ಲಿ ತೂಗುವ ಬ್ಯಾಡ್ಜು ಸಂಜೆ ಯಾರ ಕೊರಳಿಗೆ ಹೋಗುತ್ತದೆ ಎಂದು ಕೇಳಿ. ‘ನಮ್ಮ ಹುಡುಗನೇ’ ಎಂದು ಯಾರಾದರೂ ನಕ್ಕರೆ, ನೀವು ನಗಬೇಡಿ.